ಜೂನ್ ಒಂದರವರು

ಕಲ್ಲಿನಾಥನಿಗೆ ಹುಟ್ಟಿದ ದಿನವಿರಲಿಲ್ಲ. ಹುಟ್ಟಿದ್ದೇನೋ ನಿಜ. ಸೀಗಿ ಹುಣ್ಣಿಮೆಯ ದಿನ ಹೊಲಕ್ಕೆ ಹೋಗಿ ಭೂಮಿತಾಯಿಗೆ ಎಡೆಯ ಚರಗ ಚೆಲ್ಲಿ ಬಂದ ಶಿವಲಿಂಗಮ್ಮ ಮರುದಿನ ಬೆಳಗಿನ ಜಾವ ಅವನನ್ನು ಹಡೆದಳು. ಆದರೆ ಅದನ್ನು ಯಾರೂ ಎಲ್ಲಿಯೂ ಬರೆದಿಡಲಿಲ್ಲ. ರೋಣದ ಹತ್ತಿರದ ಆ ಊರಿನಲ್ಲಿ ಬರೆಯುವ ಕೆಲಸ ಒಬ್ಬರದೇ, ಕನ್ನಡ ಶಾಲೆಯ ಹೆಡ್‌ಮಾಸ್ತರ ರಾಚಯ್ಯನವರದು. ಅವರು ಶಾಲೆ ಸೇರಲು ಬಂದ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಲು ಹೇಳುತ್ತಿದ್ದರು. ಮುಟ್ಟಿದರೆ ಆರು ವರ್ಷ ತುಂಬಿದೆ ಎಂದು ಲೆಕ್ಕ, ಮುಟ್ಟದಿದ್ದರೆ ಮುಂದಿನ ವರ್ಷ ಬಾ. ಕಲ್ಲಿನಾಥನಿಗೆ ಆಗ ಐದು ತುಂಬಲು ಇನ್ನೂ ನಾಲ್ಕು ತಿಂಗಳಿತ್ತು. ಅಕ್ಕ ಶಾಲೆಗೆ ಹೋದರೆ ಮನೆಯಲ್ಲಿ ನೋಡಿಕೊಳ್ಳುವವರಿಲ್ಲವೆಂದು ತಾಯಿ ಅವನನ್ನೂ ಅಕ್ಕನ ಜೊತೆಗೆ ಅಟ್ಟಿದ್ದಳು. ಅವನ ಕೈ ಉದ್ದವಿತ್ತು. ಕಿವಿ ಮುಟ್ಟಿದ. ರಾಚಯ್ಯ ಮಾಸ್ತರು ಹಾಜರಿ ಪುಸ್ತಕದಲ್ಲಿ ಒಂದು, ಆರು, ಸಾವಿರದ ಒಂಬೈನೂರ ಎಂಬತ್ತೊಂದು ಎಂದು ಬರೆದರು. ಆ ವರ್ಷ ಸೇರಿದ ಮೂವತ್ತೆಂಟು ಮಕ್ಕಳಲ್ಲಿ ಮೂವತ್ತೊಂದು ಮಕ್ಕಳು ಜೂನ್ ಒಂದರಂದೇ ಹುಟ್ಟಿದರು.

ಕಲ್ಲಿನಾಥನ ವಯಸ್ಸಿಗೆ ಹದಿನಾರು ತಿಂಗಳು ಹೆಚ್ಚು ಬಿದ್ದಿತ್ತು. ಬಹಳ ವರ್ಷ ಇದರಿಂದ ಯಾರಿಗೂ ಏನೂ ತೊಂದರೆಯಾಗಲಿಲ್ಲ. ಅದೇ ತಾರೀಖು ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ ಹೋಯಿತು, ಅಲ್ಲಿಂದ ಪಾಸ್‌ಪೋರ್ಟಿಗೆ, ಅಲ್ಲಿಂದ ಅಮೆರಿಕದ ವೀಸಾಕ್ಕೆ. ಡೆಟ್ರಾಯಿಟ್ ಸುತ್ತಲ ಕಾರು ಕಂಪನಿಗಳಲ್ಲಿ ದುಡಿಯುವ ಗದಗ, ಬಾಗಲಕೋಟೆ, ವಿಜಯಪುರದ ಕಡೆಯ ಇಂಜಿನಿಯರುಗಳಲ್ಲಿ ಎಷ್ಟೋ ಮಂದಿ ಇದೇ ದಿನ ಹುಟ್ಟಿದವರು. ಜೂನ್ ಒಂದರ ಆಸುಪಾಸಿನ ಭಾನುವಾರ ಅವರೆಲ್ಲ ನಾರ್ತ್‌ವಿಲ್‌ನ ಪಾರ್ಕೊಂದರಲ್ಲಿ ಕೂಡುತ್ತಿದ್ದರು. ಒಂದೇ ಕೇಕು, ಅದರ ಮೇಲೆ ಹದಿನೈದಿಪ್ಪತ್ತು ಹೆಸರು. ಗುಂಪಿಗೆ ತಾವೇ ಇಟ್ಟುಕೊಂಡ ಹೆಸರು, ಜೂನ್ ಒಂದರವರು. ಕಲ್ಲಿನಾಥನ ಹೆಂಡತಿ ವಸುಧಾ ಮೈಸೂರಿನವಳು, ಆಸ್ಪತ್ರೆಯಲ್ಲಿ ಹುಟ್ಟಿದವಳು, ಗಂಟೆ ನಿಮಿಷ ಸಮೇತ ಜಾತಕವಿದ್ದವಳು.

“ಇಷ್ಟು ಜನಾನೂ ಒಂದೇ ದಿನ ಹುಟ್ಟಿದ್ದೀರಲ್ಲಾ, ನಿಮ್ಮ ಕಡೆ ಸೂಲಗಿತ್ತಿ ಪಾಪ ಬದುಕಿದಾಳಾ?” ಎಂದು ಪ್ರತಿ ವರ್ಷ ಕೇಳುತ್ತಿದ್ದಳು. ಪ್ರತಿ ವರ್ಷವೂ ಜನ ನಗುತ್ತಿದ್ದರು.

ಕಲ್ಲಿನಾಥ ಕಾರಿನ ಸೀಟುಗಳ ಕೆಳಗಿನ ಕಬ್ಬಿಣದ ಚೌಕಟ್ಟು ವಿನ್ಯಾಸ ಮಾಡುವವನು. ಹದಿಮೂರು ವರ್ಷ ಒಂದೇ ಕಂಪನಿ. ಬಂದಾಗ ಮೂರು ವರ್ಷದವಳಾಗಿದ್ದ ಮಗಳು ಅಕ್ಷರಾಗೆ ಈಗ ಹದಿನಾರು. ಹೈಸ್ಕೂಲು ಮುಗಿಯಲು ಒಂದು ವರ್ಷ ಬಾಕಿ. ಗ್ರೀನ್ ಕಾರ್ಡಿನ ಸಾಲಿನಲ್ಲಿ ಅವನು ನಿಂತು ಹನ್ನೊಂದು ವರ್ಷವಾಗಿತ್ತು. ಸಾಲು ಈಗ ನಡೆಯುತ್ತಿರುವ ರೀತಿಯಲ್ಲೇ ನಡೆದರೆ ಮಗಳಿಗೆ ಇಪ್ಪತ್ತೊಂದು ತುಂಬುವುದರೊಳಗೆ ಸರದಿ ಬರುವುದಿಲ್ಲ, ತುಂಬಿದ ದಿನ ಅವಳ ಹೆಸರು ಫೈಲಿನಿಂದ ಬೀಳುತ್ತದೆ ಎಂದು ವಕೀಲೆ ಹೇಳಿದ್ದಳು. ಅದನ್ನು ಕೇಳಿದ ಮೇಲೆ ಅವನು ಬೇರೆ ದೇಶ ಹುಡುಕತೊಡಗಿದ. ಚಿಕಾಗೋ ಪಕ್ಕದ ಲೊಂಬಾರ್ಡ್‌ನಲ್ಲಿರುವ ರವಿಶಂಕರ, ಅವನ ಕಾಲೇಜು ಹಾಸ್ಟೆಲಿನ ರೂಮ್‌ಮೇಟು, ಆಸ್ಟ್ರೇಲಿಯಾದ ಹೆಸರು ತೆಗೆದ.

ಆಸ್ಟ್ರೇಲಿಯಾದ್ದು ಒಂದು ಲೆಕ್ಕವಿತ್ತು. ವಯಸ್ಸಿಗೆ ಇಷ್ಟು ಅಂಕ, ಓದಿಗೆ ಇಷ್ಟು, ಇಂಗ್ಲಿಷಿಗೆ ಇಷ್ಟು. ಅದರ ಮೇಲೆ ಯಾವುದಾದರೊಂದು ರಾಜ್ಯ ನಮಗೆ ಈ ಮನುಷ್ಯ ಬೇಕು ಎಂದು ಹೆಸರಿಸಬೇಕು. ಹೆಸರಿಸಿದರೆ ಕರೆ ಬರುತ್ತದೆ. ಕರೆ ಬರುವ ದಿನ ನಲವತ್ತೈದು ತುಂಬಿರಬಾರದು. ಪಾಸ್‌ಪೋರ್ಟಿನ ಪ್ರಕಾರ ಅವನಿಗೆ ಎರಡು ಸಾವಿರದ ಇಪ್ಪತ್ತಾರರ ಜೂನ್ ಒಂದಕ್ಕೆ ನಲವತ್ತೈದು. ಅವನು ಅರ್ಜಿ ಹಾಕಿದ್ದು ಹಿಂದಿನ ಆಗಸ್ಟಿನಲ್ಲಿ. ಹತ್ತು ತಿಂಗಳು, ಆರು ರಾಜ್ಯ, ಕೇಂದ್ರಾಡಳಿತ ಪ್ರದೇಶದಂಥ ಎರಡು ಟೆರಿಟರಿ.

ಬೇಸ್‌ಮೆಂಟಿನ ಗೋಡೆಗೆ ಅವನು ಆಸ್ಟ್ರೇಲಿಯಾದ ದೊಡ್ಡ ನಕ್ಷೆ ಅಂಟಿಸಿದ. ಒಂದೊಂದು ರಾಜ್ಯದ ಮೇಲೂ ಹಳದಿ ಚೀಟಿ. ಯಾವ ತಿಂಗಳು ತೆರೆಯುತ್ತದೆ, ಹೊರಗಿನವರಿಗೆ ಎಷ್ಟು ಜಾಗ, ಮೆಕ್ಯಾನಿಕಲ್ ಇಂಜಿನಿಯರ್ ಪಟ್ಟಿಯಲ್ಲಿದೆಯೋ ಇಲ್ಲವೋ. ಅಕ್ಷರಾ ಮೊದಲ ಎರಡು ತಿಂಗಳು ಬೇಸ್‌ಮೆಂಟಿಗೆ ಕಾಲಿಡಲಿಲ್ಲ. ಅವಳ ಪಾಲಿಗೆ ಊರೆಂದರೆ ನಾರ್ತ್‌ವಿಲ್, ಗೆಳತಿಯರು, ಶಾಲೆಯ ಬ್ಯಾಂಡಿನಲ್ಲಿ ಊದುವ ಕ್ಲಾರಿನೆಟ್ಟು. ಅಕ್ಟೋಬರಿನಲ್ಲಿ ಒಂದು ದಿನ ಬಟ್ಟೆ ಒಗೆಯಲು ಇಳಿದವಳು ನಕ್ಷೆಯ ಮುಂದೆ ನಿಂತಳು. ಮಾರನೆಯ ದಿನ ಹೊಲಿಗೆ ಡಬ್ಬಿಯಿಂದ ಬಣ್ಣದ ತಲೆಯ ಗುಂಡುಪಿನ್ನು ತಂದು ಚುಚ್ಚತೊಡಗಿದಳು. ಅಪ್ಪನ ಚೀಟಿಗಳ ಬಗ್ಗೆ ಅವಳಿಗೆ ಆಸಕ್ತಿಯಿರಲಿಲ್ಲ. ಅವಳು ಹುಡುಕಿದ್ದು ಬೆಟ್ಟ, ಬಂಡೆ, ನೀರು. ಕ್ವೀನ್ಸ್‌ಲ್ಯಾಂಡಿನ ಅಂಚಿಗೆ ಸಮುದ್ರದೊಳಗೆ ಸಾವಿರದ ನಾನೂರು ಮೈಲಿ ಉದ್ದದ ಹವಳದ ದಂಡೆ. ನ್ಯೂ ಸೌತ್ ವೇಲ್ಸಿನ ನೀಲಿ ಬೆಟ್ಟಗಳು. ವಿಕ್ಟೋರಿಯಾದ ದಡದಲ್ಲಿ ಅಲೆ ಕೊರೆದು ನಿಲ್ಲಿಸಿದ ಸುಣ್ಣಗಲ್ಲಿನ ಕಂಬಗಳು. ಟಾಸ್ಮೇನಿಯಾದ ಜೋಡಿ ಕೋಡಿನ ಬೆಟ್ಟ. ಪಶ್ಚಿಮದಲ್ಲಿ ಗುಲಾಬಿ ಬಣ್ಣದ ಒಂದು ಕೆರೆ. ದಕ್ಷಿಣದಲ್ಲಿ ಉಪ್ಪಿನ ದೊಡ್ಡ ಸರೋವರ, ಎಷ್ಟೋ ವರ್ಷ ಒಣಗಿಯೇ ಇರುವಂಥದ್ದು. ಅದರ ಪಶ್ಚಿಮಕ್ಕೆ ಮರವೇ ಇಲ್ಲದ ಬಯಲು. ನಡುವೆ, ನಾರ್ದರ್ನ್ ಟೆರಿಟರಿಯಲ್ಲಿ, ಉಲುರು ಎಂಬ ಕೆಂಪು ಬಂಡೆ. ರಾಜಧಾನಿ ಕ್ಯಾನ್‌ಬೆರಾ ಇರುವ ಚಿಕ್ಕ ಟೆರಿಟರಿಗೆ ಪಿನ್ನು ಚುಚ್ಚಲಿಲ್ಲ. ಅಲ್ಲಿನ ಸರೋವರವನ್ನು ಮನುಷ್ಯರೇ ತೋಡಿದ್ದು, ಅದು ಲೆಕ್ಕಕ್ಕಿಲ್ಲ ಎಂದಳು.

ಉಲುರುವಿನ ಚಿತ್ರ ನೋಡಿ ಕಲ್ಲಿನಾಥ, “ಬಾದಾಮಿ ಗುಡ್ಡ ಇದ್ಧಾಂಗ ಐತಿ. ನಮ್ಮೂರಿಂದ ಸೈಕಲ್ ಮ್ಯಾಲೆ ಹೋಗ್ತಿದ್ವಿ” ಎಂದ.

“ಕ್ಯಾನ್ ವಿ ಗೋ ದೇರ್?” ಎಂದಳು ಮಗಳು. ಬಾದಾಮಿಗೋ ಉಲುರುಗೋ ಎಂದು ಅವನು ಕೇಳಲಿಲ್ಲ. ಎರಡಕ್ಕೂ ಹೋಗೋಣ ಎಂದ.

ಚಳಿಗಾಲ ಪೂರ್ತಿ ರಾಜ್ಯಗಳು ಒಂದೊಂದಾಗಿ ಉದುರಿದವು. ಒಂದು ಕಡೆ ಆ ವರ್ಷದ ಜಾಗ ಮುಗಿದಿತ್ತು. ಇನ್ನೊಂದು ಕಡೆ ಮೊದಲೇ ಅಲ್ಲಿ ವಾಸವಿದ್ದವರಿಗೆ ಆದ್ಯತೆ. ಮತ್ತೆರಡು ಕಡೆಯಿಂದ ಉತ್ತರವೇ ಬರಲಿಲ್ಲ. ಒಂದು ಚೀಟಿ ಕಿತ್ತಾಗ ಅಕ್ಷರಾ ಆ ರಾಜ್ಯದ ಪಿನ್ನನ್ನೂ ಕಿತ್ತು ಖಾಲಿ ಮಾತ್ರೆ ಡಬ್ಬಿಗೆ ಹಾಕುತ್ತಿದ್ದಳು. ಡಿಸೆಂಬರಿನಲ್ಲಿ ನೀಲಿ ಬೆಟ್ಟ ಹೋಯಿತು, ಜನವರಿಯಲ್ಲಿ ಹವಳದ ದಂಡೆಯೂ ಜೋಡಿ ಕೋಡಿನ ಬೆಟ್ಟವೂ ಹೋದವು. ಕ್ಯಾನ್‌ಬೆರಾದಿಂದ ಇಲ್ಲ ಎಂದು ಬಂದ ದಿನ ಕೀಳಲು ಪಿನ್ನಿರಲಿಲ್ಲ. ಫೆಬ್ರವರಿಯಲ್ಲಿ ಹೊರಗೆ ಸೊನ್ನೆಗಿಂತ ನಾಲ್ಕು ಡಿಗ್ರಿ ಕೆಳಗಿದ್ದಾಗ ಗುಲಾಬಿ ಕೆರೆ ಹೋಯಿತು, ಅದರ ಜೊತೆಗೆ ನಕ್ಷೆಯ ಮೂರನೇ ಒಂದು ಭಾಗ.

ಅವತ್ತೇ ಅವನು ಊರಿಗೆ ಫೋನು ಮಾಡಿ ಅಕ್ಕನ ಗಂಡ ಗದಿಗೆಪ್ಪನನ್ನು ಒಂದು ಮಾತು ಕೇಳಿದ. ತಡವಾದ ಜನನ ನೋಂದಣಿಗೆ ಈಗ ಕೋರ್ಟಿಗೆ ಹೋಗಬೇಕಿಲ್ಲವಂತೆ, ತಾಲ್ಲೂಕಿನ ಅಧಿಕಾರಿಯ ಆದೇಶ ಸಾಕಂತೆ, ಹೌದೇನು? ಗದಿಗೆಪ್ಪ ಹೌದೆಂದ. ಶಿವಲಿಂಗಮ್ಮನನ್ನು ಮೋಟರ್ ಸೈಕಲ್ಲಿನ ಹಿಂದೆ ಕೂರಿಸಿಕೊಂಡು ನಾಲ್ಕು ಸಲ ರೋಣಕ್ಕೆ ಹೋದ. ಹಿಂದೊಮ್ಮೆ ಇದೇ ಶಿವಲಿಂಗಮ್ಮ ಅಮೆರಿಕದ ವಕೀಲರಿಗಾಗಿ ಮಗ ಜೂನ್ ಒಂದಕ್ಕೆ ಹುಟ್ಟಿದನೆಂದು ಅಫಿಡವಿಟ್ಟಿಗೆ ಹೆಬ್ಬೆಟ್ಟು ಒತ್ತಿದ್ದಳು. ಒತ್ತುವಾಗ, ಸುಳ್ಳಿಗೆ ಹೆಬ್ಬೆಟ್ಟು ಒತ್ತಸ್ತೀರಲ್ಲೋ ಎಂದು ಗೊಣಗಿದ್ದಳು. ಈ ಸಲ ಕೇಳಿದವರಿಗೆಲ್ಲ ಸೀಗಿ ಹುಣ್ಣಿಮೆಯ ಕತೆ ಹೇಳಿ ಸಂತೋಷದಿಂದ ಒತ್ತಿದಳು.

ಈ ವಿಷಯವನ್ನು ಅವನು ಫೋನಿನಲ್ಲಿ ರವಿಶಂಕರನಿಗೆ ಹೇಳಿದ.

“ತರಸ್ಕೊ. ಕಟ್ಟು ಹಾಕಿಸಿ ಗ್ವಾಡಿಗೆ ಹಾಕ್ಕೊ. ಅರ್ಜಿಗೆ ಮಾತ್ರ ಹಚ್ಚಬ್ಯಾಡ.”

“ಖರೇ ತಾರೀಖಲೇ ಅದು.”

“ಖರೇ ಅಂತ ನನಗ ಗೊತ್ತೈತಿ. ಅವರಿಗೆ ನೀ ಎರಡ ಸಲ ಹುಟ್ಟಿದಾಂವ ಆಗ್ತಿ.”

ಕಲ್ಲಿನಾಥ ಹಚ್ಚುವುದಿಲ್ಲ ಎಂದ. ಆಗ ಹಾಗೆಯೇ ಅಂದುಕೊಂಡಿದ್ದ.

ಏಪ್ರಿಲ್ ಎರಡರಂದು ಕಂಪನಿಯವರು ಸೀಟಿನ ವಿಭಾಗದ ಹನ್ನೊಂದು ಮಂದಿಯನ್ನು ಒಂದು ಕೋಣೆಗೆ ಕರೆದು, ಕೆಲಸ ಮೆಕ್ಸಿಕೋಕ್ಕೆ ಹೋಗುತ್ತಿದೆ, ಹತ್ತನೇ ತಾರೀಖು ಕೊನೆಯ ದಿನ ಎಂದರು. ಆ ವೀಸಾದವನಿಗೆ ಕೆಲಸ ಹೋದ ಮೇಲೆ ಈ ದೇಶದಲ್ಲಿ ಇರಲು ಅರವತ್ತು ದಿನ. ಜೂನ್ ಒಂಬತ್ತಕ್ಕೆ ಮುಗಿಯುತ್ತದೆ. ವಸುಧಾ ಶಿಶುವಿಹಾರದಲ್ಲಿ ಪಾಠ ಹೇಳುತ್ತಿದ್ದಳು. ಅವಳ ಅನುಮತಿ ಗಂಡನ ವೀಸಾಕ್ಕೆ ಕಟ್ಟಿದ್ದು, ಅದೂ ಅವತ್ತೇ ಮುಗಿಯುತ್ತದೆ. ಕಲ್ಲಿನಾಥ ನೂರ ನಲವತ್ತು ಕಡೆ ಅಪ್ಲೈ ಮಾಡಿದ. ಎರಡು ಕಡೆ ಇಂಟರ್ವ್ಯೂ ಆಯಿತು. ವೀಸಾದ ಮಾತು ಬಂದ ಮೇಲೆ ಅವರೂ ಸುಮ್ಮನಾದರು.

ಏಪ್ರಿಲ್ ಮುಗಿಯುವುದರೊಳಗೆ ವಿಕ್ಟೋರಿಯಾದ ಸುಣ್ಣಗಲ್ಲಿನ ಕಂಬಗಳೂ ಕೆಂಪು ಬಂಡೆಯೂ ಮಾತ್ರೆ ಡಬ್ಬಿ ಸೇರಿದವು. ಗೋಡೆಯ ಮೇಲೆ ಉಳಿದದ್ದು ಸೌತ್ ಆಸ್ಟ್ರೇಲಿಯಾ ಒಂದೇ. ಒಣಗಿದ ಸರೋವರಕ್ಕೊಂದು, ಮರವಿಲ್ಲದ ಬಯಲಿಗೊಂದು ಪಿನ್ನು. ಆ ರಾಜ್ಯದ ಅಡಿಲೇಡಿನಲ್ಲಿ ಹಿಂದೆ ಕಾರು ತಯಾರಾಗುತ್ತಿತ್ತು, ಆ ಕಾರ್ಖಾನೆ ಮುಚ್ಚಿ ಎಂಟು ವರ್ಷ ಮೇಲಾಗಿದೆ ಎಂದು ಅವನು ಓದಿದ್ದ. ಆದರೂ ಪಟ್ಟಿಯಲ್ಲಿ ಮೆಕ್ಯಾನಿಕಲ್ ಇಂಜಿನಿಯರ್ ಇತ್ತು, ಅರ್ಜಿ ‘ಪರಿಶೀಲನೆಯಲ್ಲಿದೆ’ ಎಂದು ತೋರಿಸುತ್ತಿತ್ತು. ಹತ್ತು ವಾರದಿಂದ ಅದನ್ನೇ ತೋರಿಸುತ್ತಿತ್ತು.

ಗದಿಗೆಪ್ಪ ಪ್ರಮಾಣಪತ್ರದ ಫೋಟೋ ಕಳಿಸಿದ್ದು ಏಪ್ರಿಲ್ ಕೊನೆಗೆ. ಹಾಳಾಗಬಾರದೆಂದು ಲ್ಯಾಮಿನೇಶನ್ ಮಾಡಿಸಿದ್ದ. ಕಲ್ಲಿನಾಥ, ತಂದೆ ಬಸವಣ್ಣೆಪ್ಪ, ತಾಯಿ ಶಿವಲಿಂಗಮ್ಮ, ಹುಟ್ಟಿದ ದಿನ ಎಂಬತ್ತೆರಡನೇ ಇಸವಿಯ ಅಕ್ಟೋಬರ್. ಸರಕಾರದ ದುಂಡು ಮೊಹರು. ಇದರ ಪ್ರಕಾರ ಅವನಿಗೆ ನಲವತ್ಮೂರು. ಇದರ ಪ್ರಕಾರ ಇನ್ನೂ ಹದಿನೇಳು ತಿಂಗಳಿತ್ತು.

ಮೇ ನಾಲ್ಕರ ಮಧ್ಯಾಹ್ನ ಅವನು ಲೈಬ್ರರಿಯಲ್ಲಿ ಕೂತಿದ್ದ. ಕೆಲಸ ಹೋದಮೇಲೆ ಹಗಲೆಲ್ಲ ಅಲ್ಲಿಗೇ ಹೋಗುತ್ತಿದ್ದ. ಮನೆಯಲ್ಲಿದ್ದರೆ ವಸುಧಾ ಬಂದ ತಕ್ಷಣ ಮುಖ ನೋಡುತ್ತಿದ್ದಳು. ಅರ್ಜಿ ತೆರೆದ, ಅದೇ ಪರಿಶೀಲನೆ. ಇನ್ನು ಇಪ್ಪತ್ತೆಂಟು ದಿನ. ಯಾವನೋ ಮಾಸ್ತರ ಕಿವಿ ಮುಟ್ಟಿಸಿ ಬರೆದ ತಾರೀಖಿಗೆ ತಾನು ಮುದುಕನಾಗುವುದು ಅವನಿಗೆ ಮೊದಲ ಬಾರಿಗೆ ಸಿಟ್ಟು ಬರಿಸಿತು. ‘ಇತರ ದಾಖಲೆಗಳು’ ಎಂಬಲ್ಲಿ ಪ್ರಮಾಣಪತ್ರವನ್ನು ಹಾಕಿದ. ಜೊತೆಗೆ ಒಂದು ಪುಟ ವಿವರಣೆ: ಹಳ್ಳಿ ಶಾಲೆ, ಕೈ, ಕಿವಿ, ಜೂನ್ ಒಂದು. ಓದಿದವರಿಗೆ ಅರ್ಥವಾಗುತ್ತದೆ ಅನ್ನಿಸಿತು. ಕಳಿಸಿ, ಹೊರಗೆ ಬಂದು, ಕಾರಿನಲ್ಲಿ ಕೂತು ಡಬ್ಬಿಯ ಚಿತ್ರಾನ್ನ ತಿಂದ. ಹೆಂಡತಿಗೂ ಹೇಳಲಿಲ್ಲ, ರವಿಶಂಕರನಿಗೂ ಹೇಳಲಿಲ್ಲ.

ಪತ್ರ ಬಂದದ್ದು ಮೇ ಇಪ್ಪತ್ತೆಂಟು, ಗುರುವಾರ, ಸಂಜೆಯ ಕಾಫಿಯ ಹೊತ್ತಿಗೆ. ಅಡಿಲೇಡಿನ ಅಧಿಕಾರಿ ಮರ್ಯಾದೆಯಿಂದಲೇ ಬರೆದಿದ್ದ. ಮೇ ಹದಿನೆಂಟರಂದು ನಿಮ್ಮನ್ನು ರಾಜ್ಯದ ಪರವಾಗಿ ಹೆಸರಿಸಲು ಆರಿಸಿದ್ದೆವು. ಕೊನೆಯ ಪರಿಶೀಲನೆಯಲ್ಲಿ ಎರಡು ಜನ್ಮದಿನಾಂಕ ಕಂಡುಬಂದಿವೆ. ಯಾವುದು ಸರಿ ಎಂಬುದು ದಾಖಲೆಗಳಿಂದ ತೀರ್ಮಾನವಾಗುವವರೆಗೆ ಹೆಸರಿಸುವುದನ್ನು ತಡೆಹಿಡಿದಿದ್ದೇವೆ. ಅಲ್ಲಿಯವರೆಗೆ ಪಾಸ್‌ಪೋರ್ಟಿನ ದಿನಾಂಕವನ್ನೇ ಹಿಡಿಯಲಾಗುವುದು.

ವಸುಧಾ ಅವನ ಭುಜದ ಮೇಲಿಂದ ಬಗ್ಗಿ ಓದಿದಳು. ಎರಡು ಸಲ ಓದಿದಳು.

“ಎರಡು ಡೇಟಾ? ಎಲ್ಲಿಂದ ಬಂತು ಎರಡು?”

ಅವನು ಹೇಳಿದ. ಅವಳು ಎದುರಿನ ಕುರ್ಚಿ ಎಳೆದುಕೊಂಡು ಕೂತಳು.

“ಅದನ್ನ ಹಾಕ್ದೇ ಇದ್ದಿದ್ರೆ?”

“ಕರೆ ಬರ್ತಿತ್ತು.”

“ಒಂದು ಮಾತು ನನಗೆ ಹೇಳಿದ್ರೆ ನಿಮ್ಮ ಗಂಟೇನ್ರೀ ಹೋಗ್ತಿತ್ತು?”

“ಖರೇ ತಾರೀಖು ವಸುಧಾ ಅದು. ಸುಳ್ಳು ಬರದಿಲ್ಲ ನಾ.”

“ನಲವತ್ತು ವರ್ಷ ಸುಳ್ಳು ತಾರೀಖಲ್ಲೇ ಓದಿದ್ರಿ, ಮದುವೆ ಆದ್ರಿ, ಇಲ್ಲೀವರೆಗೂ ಬಂದ್ರಿ. ಇವತ್ತು ಬೇಕಾಯ್ತಾ ನಿಮಗೆ ಖರೇದು?”

ಅವಳು ಎದ್ದು ಕಾಫಿ ಲೋಟಗಳನ್ನು ತೊಳೆಯತೊಡಗಿದಳು, ಅವನ ಲೋಟದಲ್ಲಿ ಕಾಫಿ ಇನ್ನೂ ಇತ್ತು.

ಮಾರನೆಯ ದಿನ ಅವನು ಉತ್ತರ ಬರೆದ. ಪ್ರಮಾಣಪತ್ರವನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ, ಪಾಸ್‌ಪೋರ್ಟಿನ ದಿನಾಂಕವೇ ಇರಲಿ, ನನ್ನ ಎಲ್ಲ ದಾಖಲೆಗಳಲ್ಲೂ ಅದೇ ಇದೆ ಎಂದು ಬರೆದು ಅಂಕಪಟ್ಟಿ, ಹಳೆಯ ಅಫಿಡವಿಟ್ಟು ಎಲ್ಲ ಹಚ್ಚಿದ. ಅಂದರೆ ತಾಯಿಯ ಒಂದು ಹೆಬ್ಬೆಟ್ಟಿನ ವಿರುದ್ಧ ತಾಯಿಯದೇ ಇನ್ನೊಂದು ಹೆಬ್ಬೆಟ್ಟು. ಕಳಿಸಿದಾಗ ಮಿಷಿಗನ್ನಿನಲ್ಲಿ ಶುಕ್ರವಾರ ಬೆಳಿಗ್ಗೆ ಒಂಬತ್ತು. ಅಡಿಲೇಡಿನಲ್ಲಿ ಶುಕ್ರವಾರ ಕಚೇರಿ ಮುಚ್ಚಿ ಐದು ತಾಸಾಗಿತ್ತು.

ಭಾನುವಾರ ಮೇ ಮೂವತ್ತೊಂದು. ಈ ಸಲ ಪಾರ್ಕಿನ ಕೂಟಕ್ಕೆ ಹೋಗುವುದು ಬೇಡ ಎಂದು ವಸುಧಾ ಅಂದಿದ್ದಳು. ಆದರೆ ರವಿಶಂಕರ ಹಿಂದಿನ ದಿನವೇ ಲೊಂಬಾರ್ಡಿನಿಂದ ಇನ್ನೂರ ತೊಂಬತ್ತು ಮೈಲಿ ಡ್ರೈವ್ ಮಾಡಿಕೊಂಡು ಬಂದಿದ್ದ, ಅವನೂ ಜೂನ್ ಒಂದರವನೇ. ಪಾರ್ಕಿನಲ್ಲಿ ಹಿತವಾದ ಬಿಸಿಲು, ಅಲ್ಲಿನ ಫ್ಯಾರನ್‌ಹೀಟ್ ಲೆಕ್ಕದಲ್ಲಿ ಎಪ್ಪತ್ತೆಂಟು ಡಿಗ್ರಿ. ಮೇಜಿನ ಮೇಲೆ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಚಿಪ್ಸು. ಯಾರೋ ಚಿಕ್ಕ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಕಿವಿ ಮುಟ್ಟಿಸುವ ಆಟ ಶುರುಮಾಡಿದರು. ಈ ಗುಂಪಿನಲ್ಲಿ ಪ್ರತಿ ವರ್ಷ ಆಗುವ ಆಟ. ಮುಟ್ಟಿದವರಿಗೆ ಚಾಕಲೇಟು. ಕಲ್ಲಿನಾಥ ನೋಡುತ್ತ ನಿಂತ.

ರವಿಶಂಕರನಿಗೆ ವಸುಧಾ ಎಲ್ಲ ಹೇಳಿದ್ದಳು. ಅವನು ಪೇಪರ್ ತಟ್ಟೆ ಹಿಡಿದುಕೊಂಡು ಪಕ್ಕಕ್ಕೆ ಬಂದ.

“ಲೇ ಕಲ್ಯಾ, ಬ್ಯಾಡ ಅಂದಿದ್ದೆ.”

“ಅಂದಿದ್ದಿ.”

“ರಾಚಯ್ಯ ಮಾಸ್ತರ ಬರದದ್ದನ್ನ ನಿಮ್ಮವ್ವನ ಕೈಲೆ ತಿದ್ದಾಕ ಆಗಿಲ್ಲ. ನೀ ಹೋಗಿ ತಿದ್ದಿದಿ.” ಸ್ವಲ್ಪ ಹೊತ್ತು ರೊಟ್ಟಿ ಮುರಿದ. “ಇರಲಿ. ಇನ್ನ ಒಂದಿನ ಐತಿ.”

ಕೇಕಿನ ಮೇಲೆ ಹದಿನೇಳು ಹೆಸರಿದ್ದವು. ಹತ್ತೂವರೆಗೆ ಕತ್ತರಿಸಬೇಕೆಂದಿದ್ದರು, ಮೇಣದಬತ್ತಿ ಗಾಳಿಗೆ ಆರಿ ಹನ್ನೊಂದಾಯಿತು. ಹದಿನೇಳು ಗಂಡಸರು ಒಬ್ಬರ ಭುಜದ ಮೇಲೊಬ್ಬರು ಕೈ ಹಾಕಿ ಒಂದೇ ಚಾಕು ಹಿಡಿದರು. ಎಲ್ಲರೂ ಹಾಡುತ್ತಿದ್ದಾಗ ಅಕ್ಷರಾ ಅಪ್ಪನ ಪಕ್ಕಕ್ಕೆ ಬಂದು ಫೋನು ತೋರಿಸಿದಳು. ಪರದೆಯ ಮೇಲೆ ಎರಡು ಗಡಿಯಾರ, ಡೆಟ್ರಾಯಿಟಿನದು, ಅಡಿಲೇಡಿನದು.

“ಇಟ್ಸ್ ಆಲ್ರೆಡಿ ಟುಮಾರೋ ದೇರ್, ಅಪ್ಪಾ.”

ಅಡಿಲೇಡಿನಲ್ಲಿ ಜೂನ್ ಒಂದು ಶುರುವಾಗಿ ಮೂವತ್ತೈದು ನಿಮಿಷವಾಗಿತ್ತು. ತಿಂಗಳುಗಟ್ಟಲೆ ದಿನ ಎಣಿಸಿದವನು ಇದೊಂದನ್ನು ಎಣಿಸಿರಲಿಲ್ಲ. ಯಾರೋ ಅವನ ಬಾಯಿಗೆ ಕೇಕು ಇಟ್ಟರು. ಅವನು ತಿಂದ.

ಸೋಮವಾರ ಬೆಳಿಗ್ಗೆ ದೋಸೆ ಹೊತ್ತಿಗೆ ಮೇಲ್ ಇತ್ತು. ಮೂರು ಸಾಲು. ನಿಮ್ಮ ವಿವರಣೆ ತಲುಪಿದೆ, ವಂದನೆಗಳು. ಪಾಸ್‌ಪೋರ್ಟಿನ ಪ್ರಕಾರ ನೀವು ಇಂದಿಗೆ ವಯಸ್ಸಿನ ಮಿತಿ ದಾಟಿರುವುದರಿಂದ ಅರ್ಜಿಯನ್ನು ಮುಕ್ತಾಯಗೊಳಿಸಲಾಗಿದೆ. ಮೂರನೇ ಸಾಲು ಶುಭ ಹಾರೈಕೆ. ವಸುಧಾ ಹಂಚಿನ ಮೇಲಿನ ದೋಸೆ ತಿರುವಿಹಾಕಿ, “ಟಿಕೆಟ್ ನೋಡಿ” ಎಂದಳಷ್ಟೆ.

ಸಂಜೆ ಊರಿಂದ ಶಿವಲಿಂಗಮ್ಮನ ವಿಡಿಯೋ ಕಾಲ್ ಬಂತು. ಗದಿಗೆಪ್ಪ ಫೋನು ಹಿಡಿದಿದ್ದ, ಅವಳು ಲ್ಯಾಮಿನೇಶನ್ ಮಾಡಿದ ಪ್ರಮಾಣಪತ್ರವನ್ನು ಎದೆಗೆ ಹಿಡಿದಿದ್ದಳು. ಇದರಿಂದ ಕೆಲಸ ಆಯಿತೇನಪಾ ಎಂದು ಕೇಳಿದಳು. ಆಯಿತವ್ವಾ ಎಂದ ಕಲ್ಲಿನಾಥ. ಬರುತ್ತೇವೆ, ಎಲ್ಲರೂ ಬರುತ್ತೇವೆ ಎಂದ. ಅವಳಿಗೆ ಸಂತೋಷವಾಯಿತು.

ಉಳಿದ ದಿನ ಸಾಮಾನು ಕೊಡುವುದರಲ್ಲಿ ಹೋಯಿತು. ಸೋಫಾ ಒಬ್ಬರಿಗೆ, ಗ್ರೈಂಡರು ಒಬ್ಬರಿಗೆ. ಅಕ್ಷರಾ ಕ್ಲಾರಿನೆಟ್ಟನ್ನು ಶಾಲೆಗೆ ಒಪ್ಪಿಸಿ ಬಂದಳು, ಅದು ಶಾಲೆಯದೇ. ಕೊನೆಗೆ ಬೇಸ್‌ಮೆಂಟಿನ ನಕ್ಷೆ ಬಿಚ್ಚಿದರು. ಅಂಟು ಗೋಡೆಯ ಬಣ್ಣವನ್ನೂ ಕಿತ್ತುಕೊಂಡು ಬಂತು. ಗೋಡೆಯ ಮೇಲೆ ಉಳಿದ ಗುರುತು ಯಾವ ದೇಶದ ಹಾಗೂ ಇರಲಿಲ್ಲ. ಒಣಗಿದ ಸರೋವರದ ಪಿನ್ನನ್ನೂ ಮರವಿಲ್ಲದ ಬಯಲಿನ ಪಿನ್ನನ್ನೂ ಅಕ್ಷರಾ ಡಬ್ಬಿಗೆ ಹಾಕಿದಳು. ಬಾದಾಮಿಗೆ ಕರೆದುಕೊಂಡು ಹೋಗುತ್ತೇನೆ ಎಂದ ಅಪ್ಪ. ಅವಳು ಡಬ್ಬಿಯ ಮುಚ್ಚಳ ಹಾಕಿ, “ಓಕೆ” ಎಂದಳು.

ಜೂನ್ ಏಳಕ್ಕೆ ಅವರು ಲೊಂಬಾರ್ಡಿಗೆ ಬಂದರು. ಕಾರನ್ನು ರವಿಶಂಕರ ಇಟ್ಟುಕೊಂಡು ಮಾರಿಕೊಡುವುದೆಂದು ಮಾತಾಗಿತ್ತು. ಮಾರನೆಯ ದಿನ ಅವನೇ ಓಹೇರ್ ವಿಮಾನ ನಿಲ್ದಾಣಕ್ಕೆ ಬಿಟ್ಟ. ಕೌಂಟರಿನ ಹೆಂಗಸು ಪಾಸ್‌ಪೋರ್ಟು ತೆರೆದು ನೋಡಿ, ಕಳೆದ ವಾರ ಹುಟ್ಟುಹಬ್ಬವಾಯಿತಲ್ಲ, ಶುಭಾಶಯ ಎಂದಳು. ಕಲ್ಲಿನಾಥ ಥ್ಯಾಂಕ್ಸ್ ಎಂದ. ಆರು ಸೂಟ್‌ಕೇಸು ಬೆಲ್ಟಿನ ಮೇಲೆ ಹೋದವು.

ಹೋದದ್ದು ಇಷ್ಟು: ಮಿಷಿಗನ್ನಿನ ಹದಿಮೂರು ವರ್ಷ, ಸಾಲಿನಲ್ಲಿ ನಿಂತ ಹನ್ನೊಂದು, ಎರಡು ಕೆಲಸ, ಮಗಳ ಹೈಸ್ಕೂಲಿನ ಕೊನೆಯ ಒಂದು ವರ್ಷ, ಆರು ರಾಜ್ಯ, ಎರಡು ಟೆರಿಟರಿ, ಹದಿನಾರು ತಿಂಗಳು.